10ನೇ ಕ್ಯುರಾಸಿಯರ್ ಕ್ಯಾಪ್ಟನ್, 1/10 ರೆಸಿನ್ ಬಸ್ಟ್: ಬಲ ಭುಜದ ಕುಚ್ಚು ಎಲ್ಲಿ ಹೋಯ್ತು?

ಹಾಲೆಮರ · ಜೂನ್ 8

ಗೆಳೆಯರೇ, ಎರಡು ವರ್ಷದಿಂದ ಕಣ್ಣಿಟ್ಟಿದ್ದ ಕಿಟ್ ಮೊನ್ನೆ ಮನೆಗೆ ಬಂತು. ನೆಪೋಲಿಯನ್ ಕಾಲದ ಫ್ರೆಂಚ್ ಕ್ಯುರಾಸಿಯರ್ ಅಧಿಕಾರಿ, ಎದೆಮಟ್ಟದ ಬಸ್ಟ್, ಬೂದು ರೆಸಿನ್. ಎದೆಗೂ ಬೆನ್ನಿಗೂ ಉಕ್ಕಿನ ಕವಚ ತೊಟ್ಟು, ದೊಡ್ಡ ಕುದುರೆಗಳ ಮೇಲೆ ನೇರ ಕತ್ತಿ ಹಿಡಿದು ನುಗ್ಗುತ್ತಿದ್ದ ಭಾರೀ ಅಶ್ವದಳ ಇದು. ಪೆಟ್ಟಿಗೆಯಲ್ಲಿ ಕವಚದ ಸಮೇತ ಮುಂಡ, ತಲೆ, ಹೆಲ್ಮೆಟ್ಟಿನ ಜುಟ್ಟು, ಹಿಂದೆ ಇಳಿಬೀಳುವ ಕುದುರೆ ಕೂದಲು, ಗರಿ, ಗಲ್ಲದ ಪಟ್ಟಿ ಎರಡು, ದರ್ಜೆ ತೋರಿಸುವ ಭುಜದ ಪಟ್ಟಿ, ಅಂದರೆ ಎಪಾಲೆಟ್, ಎರಡು ಇವೆ.

ತೊಂದರೆ ಇರೋದು ಕೊನೆಯದರಲ್ಲಿ. ಎಡ ಎಪಾಲೆಟ್ಟಿಗೆ ಚೆನ್ನಾಗಿ ಕುಚ್ಚು ಕೆತ್ತಿದ್ದಾರೆ. ಬಲದ್ದು ಬರೀ ಪಟ್ಟಿ, ಕುಚ್ಚೇ ಇಲ್ಲ. ಪೆಟ್ಟಿಗೆ ಎರಡು ಸಲ ಹುಡುಕಿದೆ, ಪೊಟ್ಟಣದ ಸ್ಪಂಜನ್ನೂ ಬಿಡಿಸಿ ನೋಡಿದೆ. ತಯಾರಕರಿಗೆ ಬರೆದು ಇನ್ನೊಂದು ತರಿಸಬೇಕಾ, ಇಲ್ಲ ಎಡಭಾಗದ್ದರ ಅಚ್ಚು ತೆಗೆದು ನಾನೇ ಎರಕ ಹೊಯ್ಯಲಾ?

ಮಾಡಬೇಕೆಂದಿರುವುದು 10ನೇ ರೆಜಿಮೆಂಟಿನವನನ್ನು, 1807ರ ಫೆಬ್ರವರಿ 8ರಂದು ರಷ್ಯನ್ನರ ಎದುರು ನಡೆದ ಐಲಾವ್ ಕದನದಲ್ಲಿ. ಗುಲಾಬಿ ಕಾಲರ್, ಸುತ್ತ ಹಿಮ. ಎಪಾಲೆಟ್ಟಿಗೆ ಕೆಂಪು ಬಣ್ಣ ಹಚ್ಚುವ ಯೋಚನೆ ಇದೆ.

ಉಕ್ಕು ಹಿತ್ತಾಳೆ · ಜೂನ್ 8

ಬರೆಯಬೇಡಿ! ಏನೂ ಕಳೆದಿಲ್ಲ. ಕೆತ್ತಿದವರು ಸರಿಯಾಗಿಯೇ ಕೆತ್ತಿದ್ದಾರೆ.

ಫ್ರೆಂಚ್ ಸೇನೆಯಲ್ಲಿ ದರ್ಜೆ ಓದುವುದೇ ಭುಜದಲ್ಲಿ. ಕ್ಯಾಪ್ಟನ್‌ಗೆ ಎಡಭುಜದಲ್ಲಿ ಮಾತ್ರ ಕುಚ್ಚು, ಬಲಕ್ಕೆ ಕುಚ್ಚಿಲ್ಲದ ಪಟ್ಟಿ. ಲೆಫ್ಟಿನೆಂಟ್‌ಗೂ ಹಾಗೇ, ಆದರೆ ಪಟ್ಟಿಯ ಉದ್ದಕ್ಕೂ ಒಂದು ಕೆಂಪು ಗೆರೆ ಬರುತ್ತದೆ. ಅವನ ಕೆಳಗಿನ ಸು-ಲೆಫ್ಟಿನೆಂಟ್‌ಗೆ ಎರಡು ಗೆರೆ. ಮೇಲೆ ಹೋದರೆ ಕುಚ್ಚು ದಪ್ಪನೆ ಹುರಿಯಾಗುತ್ತದೆ: ಸ್ಕ್ವಾಡ್ರನ್ ಮುಖ್ಯಸ್ಥನಿಗೆ ಎಡಕ್ಕೆ ಮಾತ್ರ, ಕರ್ನಲ್‌ಗೆ ಎರಡೂ ಕಡೆ. ನಿಮ್ಮ ಫೋಟೋದಲ್ಲಿ ಕುಚ್ಚು ಸಣ್ಣ ಎಳೆಯದು, ಎಡಕ್ಕೆ ಮಾತ್ರ ಇದೆ. ಹಾಗಾಗಿ ಅವನು ಕ್ಯಾಪ್ಟನ್ ಆಗಬಹುದು, ಲೆಫ್ಟಿನೆಂಟೂ ಆಗಬಹುದು. ಕೆಂಪು ಗೆರೆ ಎಳೆಯುತ್ತೀರೋ ಬಿಡುತ್ತೀರೋ, ಅಷ್ಟರಲ್ಲಿ ತೀರ್ಮಾನ.

ಇನ್ನು ಕೆಂಪು ಎಪಾಲೆಟ್ ಸಾಮಾನ್ಯ ಸವಾರರದ್ದು, ಅವರಿಗೆ ಎರಡೂ ಭುಜಕ್ಕೆ ಕೆಂಪು ಕುಚ್ಚು. ಅಧಿಕಾರಿಗೆ ಬೆಳ್ಳಿ ಎಳೆ, ಗುಂಡಿಯೂ ಬಿಳಿ ಲೋಹ. ಕೆಂಪು ಹಚ್ಚಿದಿರೋ, ಅರ್ಧ ಸವಾರ ಅರ್ಧ ಅಧಿಕಾರಿ ಆಗಿಬಿಡುತ್ತಾನೆ.

ಗುಲಾಬಿ ಸರಿ. 1ರಿಂದ 3ನೇ ರೆಜಿಮೆಂಟಿಗೆ ಕಡುಗೆಂಪು, 4ರಿಂದ 6ಕ್ಕೆ ಅರೋರ್ ಅನ್ನುವ ಕಿತ್ತಳೆ ಛಾಯೆ, 7ರಿಂದ 9ಕ್ಕೆ ಹಳದಿ, 10ರಿಂದ 12ಕ್ಕೆ ಗುಲಾಬಿ. ಒಂದೇ ಬಣ್ಣದ ಮೂರು ರೆಜಿಮೆಂಟುಗಳನ್ನು ಬೇರ್ಪಡಿಸುತ್ತಿದ್ದದ್ದು ತೋಳಿನ ಕಫ್ ಮತ್ತು ಅದರ ಮೇಲಿನ ಪಟ್ಟಿ. ಬಸ್ಟಿನಲ್ಲಿ ಕಫ್ ಕಾಣುವುದೇ ಇಲ್ಲವಲ್ಲ, ಹಾಗಾಗಿ ಗುಲಾಬಿ ಕಾಲರ್ ಇದ್ದರೆ 10ನೇ ರೆಜಿಮೆಂಟ್ ಎನ್ನಲು ಅಡ್ಡಿಯಿಲ್ಲ. ಗುಂಡಿಯಲ್ಲಿ ರೆಜಿಮೆಂಟಿನ ಸಂಖ್ಯೆ ಇರುತ್ತಿತ್ತು, ಈ ಅಳತೆಯಲ್ಲಿ ಅದನ್ನು ಬರೆಯಲು ಹೋಗಬೇಡಿ, ಕಲೆಯ ಹಾಗೆ ಕಾಣುತ್ತದೆ.

ಐಲಾವ್ ಆಯ್ಕೆ ತುಂಬಾ ಚೆನ್ನಾಗಿದೆ. 10ನೇ ರೆಜಿಮೆಂಟ್ ಅಲ್ಲಿ ಜನರಲ್ ದೋಪೂಲ್‌ನ ದಳದಲ್ಲಿತ್ತು. ಆ ದಿನ ನೆಪೋಲಿಯನ್ನನ ಅಶ್ವದಳದ ನಾಯಕ ಮ್ಯುರಾ ಹತ್ತು ಸಾವಿರದಷ್ಟು ಸವಾರರನ್ನು ಒಟ್ಟಿಗೆ ಹಿಮದಲ್ಲಿ ನುಗ್ಗಿಸಿದ. ದೋಪೂಲ್ ಅಲ್ಲೇ ಗಾಯಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ.

ಹಾಲೆಮರ · ಜೂನ್ 8

ಸರ್, ಪತ್ರ ಬರೆದು ಮುಗಿಸಿದ್ದೆ, ಕಳಿಸಿರಲಿಲ್ಲ. ಅಳಿಸಿದೆ. ಕ್ಯಾಪ್ಟನ್ ಅಂತಲೇ ಇಟ್ಟುಕೊಳ್ತೀನಿ, ಗೆರೆ ಇಲ್ಲ.

ಮಲಪ್ರಭಾ · ಜೂನ್ 9

ನಮಸ್ಕಾರ್ರೀ. ನಾ ಇಲ್ಲೀತನಕ ಪ್ಲಾಸ್ಟಿಕ್ ವಿಮಾನ ಅಷ್ಟ ಮಾಡೇನಿ. ರೆಸಿನ್ ಕೈಯಾಗ ಹಿಡದಿಲ್ಲ. ನನಗೂ ಒಂದು ಬಸ್ಟ್ ಮಾಡಬೇಕಂತ ಭಾಳ ಮನಸೈತಿ. ಇದನ್ನ ತೊಳೀಬೇಕು ಅಂತಾರಲ್ಲ, ಯಾಕ? ಮತ್ತ ಅದರ ಪುಡಿ ಆರೋಗ್ಯಕ್ಕ ಕೆಟ್ಟದ್ದು ಅಂತ ಕೇಳೀನಿ. ಮನಿಯಾಗ ಸಣ್ಣ ಹುಡುಗರದಾರ, ಅದಕ್ಕ ಕೇಳಾಕತ್ತೀನಿ.

ಕರಾವಳಿ ಕುಂಚ · ಜೂನ್ 9

ಒಳ್ಳೆ ಪ್ರಶ್ನೆ ಮಾರಾಯ್ರೆ, ಇದನ್ನು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ರೆಸಿನ್ ಎರಕ ಹೊಯ್ಯುವಾಗ ಅದು ಸಿಲಿಕೋನ್ ಅಚ್ಚಿನಿಂದ ಬಿಟ್ಟು ಬರಲಿ ಅಂತ ಒಂದು ಜಿಡ್ಡು ಹಚ್ಚುತ್ತಾರೆ. ಅದು ತುಂಡಿನ ಮೇಲೆ ಉಳಿದಿದ್ದರೆ ಪ್ರೈಮರ್ ಹಿಡಿಯುವುದಿಲ್ಲ. ಬಣ್ಣವೆಲ್ಲ ಮುಗಿಸಿದ ಮೇಲೆ ಮಾಸ್ಕಿಂಗ್ ಟೇಪ್ ಎಳೆದರೆ ಪ್ರೈಮರ್ ಸಮೇತ ಎದ್ದು ಬರುತ್ತದೆ, ಆಗ ಅಳುವುದೊಂದೇ ಬಾಕಿ. ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಹಳೆಯ ಮೆತ್ತನೆ ಟೂತ್‌ಬ್ರಷ್. ನೀರು ಬಿಸಿ ಆಗಬಾರದು, ತೆಳು ತುಂಡು ಬಾಗುತ್ತದೆ. ಸಿಂಕಿನ ತೂತಿಗೆ ಜಾಲರಿ ಇಡಿ. ಗಲ್ಲದ ಪಟ್ಟಿಯಂಥ ಸಣ್ಣ ತುಂಡನ್ನು ಟೀ ಸೋಸುವ ಜರಡಿಯಲ್ಲಿಟ್ಟು ತೊಳೆಯಿರಿ. (ಆ ಜರಡಿ ಮತ್ತೆ ಟೀಗೆ ಬೇಡ.)

ಪುಡಿ ವಿಷಯ ನೀವು ಕೇಳಿದ್ದು ಹೌದು. ಬಹಳ ನಯವಾದ ಪುಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಣ ಉಜ್ಜುವುದು ಬೇಡವೇ ಬೇಡ. ನೀರಲ್ಲಿ ನೆನೆಸಿದ ಉಪ್ಪುಕಾಗದ, 400ರಿಂದ ಶುರುಮಾಡಿ 1000ದವರೆಗೆ. ಆಗ ಪುಡಿ ಹಾರದೆ ಕೆಸರಾಗುತ್ತದೆ. ಗರಗಸ ಹಾಕುವಾಗ ಎನ್-95 ಮಾಸ್ಕ್ ಹಾಕಿ. ಕೆಲಸ ಮುಗಿದ ಮೇಲೆ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗುಡಿಸಬೇಡಿ. ಮಕ್ಕಳು ಮಲಗಿದ ಕೋಣೆಯಲ್ಲಿ ಈ ಕೆಲಸ ಬೇಡ.

ಮಲಪ್ರಭಾ · ಜೂನ್ 9

ಭಾಳ ಉಪಕಾರಾತ್ರೀ ಅಕ್ಕಾರ. ಟೀ ಜರಡಿ ಹೊಸಾದೊಂದು ತಂದಬಿಡ್ತೀನಿ.

ಹಾಲೆಮರ · ಜೂನ್ 17

ವಾರದ ವರದಿ. ಎರಕದ ಬುಡದಲ್ಲಿ ಉಳಿಯುವ ದಪ್ಪ ಗಟ್ಟಿಗಳನ್ನು ಸಣ್ಣ ಗರಗಸದಲ್ಲಿ ಕೊಯ್ದೆ. ಕವಚದ ಬದಿಯಲ್ಲಿ ಅಚ್ಚಿನ ಎರಡು ಅರ್ಧ ಕೂಡಿದ ಗೆರೆ ಇತ್ತು. ಬಟ್ಟೆಯ ಮೇಲಾದರೆ ಮಡಿಕೆ ಅಂತ ಬಿಟ್ಟುಬಿಡಬಹುದು. ಉಕ್ಕಿನ ಮೇಲೆ ಕೂದಲೆಳೆಯಷ್ಟು ಗೆರೆ ಇದ್ದರೂ ಬೆಳಕು ಅಲ್ಲೇ ಮುರಿಯುತ್ತೆ. ಆ ಒಂದು ಗೆರೆಗೆ ಮೂರು ಸಂಜೆ ಹೋಯ್ತು. ಉಜ್ಜಿ, ಮೇಜಿನ ದೀಪದ ಕೆಳಗೆ ತಿರುಗಿಸಿ, ಬೆರಳಿನಲ್ಲಿ ಸವರಿ, ಮತ್ತೆ ಉಜ್ಜಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತೆ ಅನ್ನೋದು ಈ ಸಲ ಚೆನ್ನಾಗಿ ಅರ್ಥವಾಯ್ತು.

ಕುದುರೆ ಕೂದಲಿನ ತುಂಡು ಬಾಗಿ ಬಂದಿತ್ತು. ಬಿಸಿನೀರಲ್ಲಿ ಅರ್ಧ ನಿಮಿಷ ಇಟ್ಟು, ಮೆತ್ತಗಾದ ಮೇಲೆ ಬೆನ್ನಿನ ಕವಚಕ್ಕೆ ಕೂರುವಂತೆ ಹಿಡಿದು, ಹಾಗೇ ತಣ್ಣೀರಿಗೆ ಅದ್ದಿದೆ. ಸರಿಯಾಯ್ತು.

ಮೂಗಿನ ಹೊಳ್ಳೆಯ ಪಕ್ಕ ಗಾಳಿಗುಳ್ಳೆಯ ತೂತು ಇದೆ, ಸಾಸಿವೆಗಿಂತ ಚಿಕ್ಕದು. ಮನೆಯಲ್ಲಿ ಪೈಪಿಗೆ ಹಚ್ಚುವ ಎಪಾಕ್ಸಿ ಪುಟ್ಟಿ ಇದೆ. ನಡೆಯುತ್ತಾ?

ಉಕ್ಕು ಹಿತ್ತಾಳೆ · ಜೂನ್ 17

ಪೈಪಿನ ಪುಟ್ಟಿ ಬೇಡ, ಅದರ ಕಣ ದಪ್ಪ, ಮುಖದ ಮೇಲೆ ಬೇರೆಯಾಗಿ ಕಾಣುತ್ತದೆ. ಮಿಲಿಪುಟ್ ಅನ್ನುವ ನಯವಾದ ಪುಟ್ಟಿ, ಬಿಳಿಯದು, ಸಿಕ್ಕರೆ ಒಳ್ಳೆಯದು. ಇಷ್ಟು ಸಣ್ಣ ತೂತಿಗೆ ಫೆವಿಕ್ವಿಕ್ ಒಂದು ಹನಿ ಸೂಜಿ ತುದಿಯಲ್ಲಿ ಬಿಟ್ಟರೂ ಸಾಕು. ಆದರೆ ಅದೇ ದಿನ ಉಜ್ಜಿಬಿಡಿ, ಬಿಟ್ಟರೆ ರೆಸಿನ್‌ಗಿಂತ ಗಟ್ಟಿಯಾಗಿ, ಸುತ್ತಲಿನದು ಸವೆದು ಅದೊಂದೇ ಗುಬ್ಬಿಯಾಗಿ ಉಳಿಯುತ್ತದೆ.

ತಲೆ, ಎಪಾಲೆಟ್, ಗರಿ ಎಲ್ಲಕ್ಕೂ ಒಂದು ಮಿಲಿಮೀಟರ್ ಹಿತ್ತಾಳೆ ತಂತಿಯ ಪಿನ್ ಹಾಕಿ. ಬರೀ ಅಂಟು ನಂಬಬೇಡಿ. ತಲೆಯನ್ನು ಈಗಲೇ ಅಂಟಿಸಬೇಡಿ. ಕಾಲರ್ ಒಳಗೆ ಕುಂಚ ಹೋಗುವುದಿಲ್ಲ.

ತುಂಗೆಯ ದಡ · ಜೂನ್ 18

ಕೆಲಸ ನೋಡಿ ಖುಷಿಯಾಗ್ತಿದೆ. ಒಂದು ಮಾತು ಕೇಳಬೇಕು ಅನ್ನಿಸಿತು, ತಪ್ಪು ತಿಳಿಯಬೇಡಿ. ನಮ್ಮಲ್ಲೇ ಟಿಪ್ಪುವಿನ ಅಶ್ವದಳ ಇತ್ತು, ವಿಜಯನಗರದ ಕುದುರೆ ಸವಾರರಿದ್ದರು. ನಾವೆಲ್ಲ ಯಾಕೆ ಫ್ರೆಂಚರನ್ನೇ ಮಾಡ್ತೀವಿ?

ಉಕ್ಕು ಹಿತ್ತಾಳೆ · ಜೂನ್ 18

ಮುಖ್ಯ ಕಾರಣ ದಾಖಲೆ. ನೆಪೋಲಿಯನ್ ಸೇನೆಯ ಗುಂಡಿ, ಗೆರೆ, ಅಸ್ತರ್‌ವರೆಗೂ ಆದೇಶಗಳು, ಚಿತ್ರಗಳು, ವಸ್ತುಗಳು ಉಳಿದಿವೆ. ಹಾಗಾಗಿ ಕೆತ್ತುವವರಿಗೆ ಸುಲಭ, ಕಿಟ್ ಹೆಚ್ಚು. ನಮ್ಮ ಸವಾರರನ್ನು ಕೆತ್ತಬೇಕಾದವರು ನಾವೇ. ಅದನ್ನು ಯಾರಾದರೂ ಶುರುಮಾಡಿದರೆ ನಾನು ಜೊತೆಗಿರುತ್ತೇನೆ, ಇದು ಮನಃಪೂರ್ವಕ ಹೇಳುತ್ತಿರುವುದು.

ಅಷ್ಟಕ್ಕೂ ಈ ಕಥೆ ನಮಗೆ ಪೂರ್ತಿ ಹೊರಗಿನದೂ ಅಲ್ಲ. 1799ರ ಜನವರಿಯಲ್ಲಿ ನೆಪೋಲಿಯನ್ ಬೊನಪಾರ್ಟ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ, ಅದು ಬ್ರಿಟಿಷರ ಕೈಸೇರಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಅಲ್ಲಿನ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಆಗಿ, 1815ರ ಜೂನ್ 18ರಂದು ವಾಟರ್‌ಲೂನಲ್ಲಿ ಇದೇ ಕ್ಯುರಾಸಿಯರ್‌ಗಳನ್ನು ಎದುರಿಸಿದ್ದು.

ತುಂಗೆಯ ದಡ · ಜೂನ್ 18

ವೆಲ್ಲೆಸ್ಲಿ ವಿಷಯ ಈ ಕೊಂಡಿಯಾಗಿ ಹೊಳೆದಿರಲಿಲ್ಲ. ಕೆತ್ತುವ ಮಾತು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ, ಬೇರೆಯಾಗಿ ಬರೆಯುತ್ತೇನೆ.

ಹಾಲೆಮರ · ಜೂನ್ 29

ಪ್ರೈಮರ್ ಕೆಟ್ಟಿತು. ಬೆಳಿಗ್ಗೆಯಿಂದ ಮಳೆ ಹಿಡಿದಿತ್ತು, ಒಂದು ಗಂಟೆ ಬಿಡುವು ಕೊಟ್ಟಾಗ ಬಾಲ್ಕನಿಯಲ್ಲಿ ಸ್ಪ್ರೇ ಡಬ್ಬಿಯಿಂದ ಹೊಡೆದೆ. ಕವಚದ ತುಂಬ ಬೂದಿ ಉದುರಿದ ಹಾಗೆ ತರಿ ತರಿ.

ಕರಾವಳಿ ಕುಂಚ · ಜೂನ್ 29

ಮಳೆಗಾಲದಲ್ಲಿ ಸ್ಪ್ರೇ ಡಬ್ಬಿ ನಮ್ಮ ಮಂಗಳೂರಲ್ಲಂತೂ ನಾಲ್ಕು ತಿಂಗಳು ಮುಟ್ಟುವುದೇ ಇಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಹಾರುವ ಹನಿಯೇ ಕೆಡುತ್ತದೆ. ಉಕ್ಕು ಆಗಬೇಕಾದ ಜಾಗ ಅದು, ರಾಜಿ ಬೇಡ. ಕವಚದ್ದನ್ನು 1500ರ ಒದ್ದೆ ಉಪ್ಪುಕಾಗದದಲ್ಲಿ ಇಳಿಸಿ, ಒಳಗೆ ಕೂತು ಏರ್‌ಬ್ರಷ್‌ನಲ್ಲಿ ತೆಳ್ಳಗೆ ಹೊಡೆಯಿರಿ. ಕವಚಕ್ಕೂ ಹೆಲ್ಮೆಟ್ಟಿಗೂ ಹೊಳೆಯುವ ಕಪ್ಪು, ಉಳಿದದ್ದಕ್ಕೆ ಬೂದು.

ಹಾಲೆಮರ · ಜುಲೈ 13

ಮುಖ. ಹತ್ತಿರದ ಫೋಟೋ ಮೂರು ಹಾಕಿದ್ದೇನೆ. ಮೊದಲು ಅಕ್ರಿಲಿಕ್‌ನಲ್ಲಿ ಬುನಾದಿ, ಅದರ ಮೇಲೆ ಆಯಿಲ್ ಬಣ್ಣ: ಟೈಟಾನಿಯಂ ಬಿಳಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ನೆರಳಿಗೆ ಬರ್ನ್ಟ್ ಅಂಬರ್, ಮೂಗಿನ ತುದಿ, ಕಿವಿ, ಕೆನ್ನೆಗೆ ಅಲಿಜರಿನ್ ಕ್ರಿಮ್ಸನ್. ಆಯಿಲ್ ಒಣಗೋಕೆ ದಿನಗಟ್ಟಲೆ ಬೇಕು, ಅದೇ ಅದರ ಗುಣ. ಒಂದು ಬಣ್ಣದ ಅಂಚನ್ನು ಇನ್ನೊಂದಕ್ಕೆ ಕರಗಿಸುತ್ತಾ ಕೂರಬಹುದು.

ಆದರೂ ಏನೋ ಸರಿಯಿಲ್ಲ. ದೂರದಿಂದ ನೋಡಿದರೆ ಬೆಚ್ಚಿಬಿದ್ದ ಹಾಗೆ ಕಾಣ್ತಾನೆ. ಏನು ತಪ್ಪಾಗಿದೆ ಹೇಳಿ.

ಕರಾವಳಿ ಕುಂಚ · ಜುಲೈ 13

ಕಣ್ಣು ಮಾರಾಯ್ರೆ. ಎರಡು ತಪ್ಪು. ಕಣ್ಣಿನ ಬಿಳಿಗೆ ಶುದ್ಧ ಬಿಳಿ ಹಾಕಿದ್ದೀರಿ. ಚರ್ಮದ ಬಣ್ಣ ಸ್ವಲ್ಪ, ಬೂದು ಸ್ವಲ್ಪ ಬೆರೆಸಿ ಇಳಿಸಿ. ಎರಡನೆಯದು, ಕರಿಗುಡ್ಡೆಯ ಸುತ್ತ ಮೇಲೂ ಕೆಳಗೂ ಬಿಳಿ ಕಾಣುತ್ತಿದೆ. ಗಾಬರಿಯಾದವರಿಗೆ ಮಾತ್ರ ಹಾಗೆ ಕಾಣುವುದು. ಗುಡ್ಡೆಯ ಮೇಲಿನ ಭಾಗ ರೆಪ್ಪೆಯ ಕೆಳಗೆ ಹೋಗಬೇಕು, ರೆಪ್ಪೆಯ ಅಂಚಿಗೆ ಕಡು ಕಂದು ಗೆರೆ ಬೇಕು. ಇನ್ನೊಂದು, ಅವನು ಹಿಮಗಾಳಿಗೆ ಮುಖವೊಡ್ಡಿದವನು. ಕಣ್ಣು ತುಸು ಕಿರಿದಾಗಲಿ. ನೋಟ ನೇರ ಬೇಡ, ತಲೆ ತಿರುಗಿದ ದಿಕ್ಕಿಗಿಂತ ಒಂದು ಕೂದಲೆಳೆ ಆಚೆ ಇರಲಿ, ಆಗ ಏನನ್ನೋ ಗಮನಿಸುತ್ತಿದ್ದಾನೆ ಅನ್ನಿಸುತ್ತದೆ.

ಗಡ್ಡ ಬೋಳಿಸಿದ ಜಾಗಕ್ಕೆ ನೀಲಿ ಬೂದಿಯನ್ನು ನೀರಿನಷ್ಟು ತೆಳ್ಳಗೆ ಮಾಡಿ ಹಚ್ಚಿ. ಒಂದೇ ಸಲ ಅಲ್ಲ, ನಾಲ್ಕೈದು ಪದರ. ಮೀಸೆಯ ಕೆಳಗಿನ ತುಟಿ ತುಂಬಾ ಕೆಂಪಾಗಿದೆ, ಚಳಿಯಲ್ಲಿ ತುಟಿ ಒಡೆದು ಮಂಕಾಗುತ್ತದಲ್ಲ.

ಹಾಲೆಮರ · ಜುಲೈ 20

ಸರಿಮಾಡಿದೆ ಅಕ್ಕ. ಎಡಗಣ್ಣನ್ನು ಆರು ಸಲ ಅಳಿಸಿ ಬರೆದೆ. ಈಗ ಅವನು ನನ್ನನ್ನು ನೋಡುತ್ತಿಲ್ಲ, ನನ್ನ ಹಿಂದೆ ದೂರದಲ್ಲಿ ಏನನ್ನೋ ನೋಡುತ್ತಿದ್ದಾನೆ. ಅಷ್ಟರಿಂದಲೇ ಇಡೀ ಮುಖ ಬದಲಾಯ್ತು.

ಕೋಟಿನ ನೀಲಿ ಶುರುಮಾಡಿದ್ದೇನೆ. ಪ್ರಷ್ಯನ್ ನೀಲಿಗೆ ಕಪ್ಪು. ಬೆಳಕಿಗೆ ಬಿಳಿ ಬೆರೆಸಿದರೆ ಶಾಲಾ ಸಮವಸ್ತ್ರದ ನೀಲಿಯಾಗ್ತಿದೆ.

ಉಕ್ಕು ಹಿತ್ತಾಳೆ · ಜುಲೈ 20

ಬಿಳಿ ಬೇಡ. ತಿಳಿ ಬೂದು, ಅದಕ್ಕೆ ಚರ್ಮದ ಬಣ್ಣ ಒಂದಿಷ್ಟು. ಉಣ್ಣೆ ಬಟ್ಟೆಗೆ ಹೊಳಪಿಲ್ಲ, ಆದ್ದರಿಂದ ಬೆಳಕು ಕಡಿಮೆ, ಅಂಚು ಮೃದು.

ಬಣ್ಣವನ್ನು ಸ್ವಲ್ಪ ಮಾಸಿಸಿದರೂ ತಪ್ಪಲ್ಲ. ಆ ನೀಲಿ ಗಿಡದಿಂದ ಬರುತ್ತಿತ್ತು. ಹೊಸ ಬಟ್ಟೆ ಕಪ್ಪಿಗೆ ಹತ್ತಿರ, ಮಳೆ ಬಿಸಿಲಿಗೆ ಸಿಕ್ಕಿದ್ದು ಮಾಸಲು. ಸಮುದ್ರ ಬ್ರಿಟಿಷರ ಕೈಯಲ್ಲಿದ್ದುದರಿಂದ ಫ್ರಾನ್ಸ್‌ಗೆ ಇಂಡಿಗೋ ಸಿಗುವುದೇ ಕಷ್ಟವಾಯಿತು. 1806ರಲ್ಲಿ ಕೆಲವು ಕಾಲಾಳು ರೆಜಿಮೆಂಟುಗಳಿಗೆ ಬಿಳಿ ಕೋಟು ಕೊಟ್ಟು ನೋಡಿದರು, 1807ರಲ್ಲಿ ಕೈಬಿಟ್ಟರು. ಐಲಾವ್‌ನಲ್ಲಿ ಬಿಳಿ ಕೋಟಿನ ಮೇಲೆ ರಕ್ತ ಕಂಡು ನೆಪೋಲಿಯನ್ ಬೇಡವೆಂದ ಅನ್ನುವ ಕಥೆಯೂ ಉಂಟು. ನಿಮ್ಮವನು ಅಧಿಕಾರಿ, ಒಳ್ಳೆಯ ಬಟ್ಟೆಯೇ ತೊಟ್ಟಿರುತ್ತಾನೆ. ಹಾಗಾಗಿ ಮಾಸಿದ್ದು ಭುಜದ ಮೇಲ್ಭಾಗದಲ್ಲಿ ಮಾತ್ರ ಸಾಕು.

ಗುಲಾಬಿಗೆ ಕೆಂಪು ಬಿಳಿ ಮಾತ್ರ ಬೆರೆಸಿದರೆ ಬೆಂಡು ಬತ್ತಾಸಿನ ಬಣ್ಣ ಬರುತ್ತದೆ. ಒಂದು ಚಿಟಿಕೆ ಕಂದು ಸೇರಿಸಿ, ನೆರಳಿಗೆ ದ್ರಾಕ್ಷಾರಸದ ಕೆಂಪು.

ಹಾಲೆಮರ · ಆಗಸ್ಟ್ 3

ಈಗ ಬಂತು ನಿಜವಾದ ಕೆಲಸ. ಕವಚ. ಏನು ಮಾಡಲಿ? ನಿಜವಾದ ಲೋಹದ ಪುಡಿ ಇರುವ ಬಣ್ಣವಾ, ಇಲ್ಲ ಬೂದು, ನೀಲಿ, ಬಿಳಿಗಳಲ್ಲೇ ಲೋಹ ಅನ್ನಿಸುವ ಹಾಗೆ ಬರೆಯುವುದಾ?

ಉಕ್ಕು ಹಿತ್ತಾಳೆ · ಆಗಸ್ಟ್ 3

ನನ್ನ ಮತ ಲೋಹದ ಬಣ್ಣಕ್ಕೆ. ಹೊಳೆಯುವ ಕಪ್ಪಿನ ಮೇಲೆ ಏರ್‌ಬ್ರಷ್‌ನಲ್ಲಿ ತೆಳುವಾದ ಉಕ್ಕಿನ ಬಣ್ಣ, ಅದರ ಮೇಲೆ ಆಯಿಲ್ ನೆರಳು. ಬಸ್ಟ್ ಅಂದರೆ ಸುತ್ತ ತಿರುಗಿ ನೋಡುವ ವಸ್ತು. ನೋಡುವವರು ನಡೆದ ಹಾಗೆ ಹೊಳಪೂ ನಡೆಯಬೇಕು. ಬರೆದ ಹೊಳಪು ಒಂದೇ ಕಡೆಯಿಂದ ಸರಿ ಕಾಣುತ್ತದೆ.

ಕರಾವಳಿ ಕುಂಚ · ಆಗಸ್ಟ್ 3

ನಾನು ಒಪ್ಪುವುದಿಲ್ಲ ಸರ್. ಲೋಹದ ಬಣ್ಣ ತೋರಿಸುವುದು ನಮ್ಮ ಕೋಣೆಯ ಟ್ಯೂಬ್‌ಲೈಟನ್ನು. ಅವನು ನಿಂತಿರುವುದು ಐಲಾವ್‌ನ ಹಿಮದಲ್ಲಿ. ಪಾಲಿಶ್ ಮಾಡಿದ ಉಕ್ಕಿಗೆ ತನ್ನದೇ ಬಣ್ಣವೆಂಬುದು ಇಲ್ಲವೆಂದೇ ಹೇಳಬೇಕು, ಎದುರಿಗಿದ್ದದ್ದೇ ಅದರ ಬಣ್ಣ. ಎಲ್ಲರೂ ಕವಚದ ಮೇಲರ್ಧಕ್ಕೆ ಆಕಾಶದ ತಿಳಿಬಣ್ಣ, ಕೆಳಗಿನರ್ಧಕ್ಕೆ ನೆಲದ ಕಂದು ಬರೆಯುತ್ತಾರೆ. ಹಿಮದಲ್ಲಿ ಅದು ತಲೆಕೆಳಗಾಗಬೇಕಲ್ಲ? ನೆಲವೇ ಬಿಳಿ, ಆಕಾಶವೇ ಕಪ್ಪು.

ಸೀನ್ ದಂಡೆ · ಆಗಸ್ಟ್ 4

ಪ್ಯಾರಿಸ್‌ನಿಂದ ಬರೆಯುತ್ತಿದ್ದೇನೆ, ಇಲ್ಲಿಗೆ ಬಂದು ಆರು ವರ್ಷ. ಈ ಚರ್ಚೆಯನ್ನು ಓದಿ ನಿನ್ನೆ ಮತ್ತೆ ಲೂವ್ರ್‌ಗೆ ಹೋಗಿ ಬಂದೆ.

ಜೆರಿಕೋ 1814ರಲ್ಲಿ ಬರೆದ ಗಾಯಗೊಂಡ ಕ್ಯುರಾಸಿಯರ್ ಚಿತ್ರದ ಮುಂದೆ ತುಂಬ ಹೊತ್ತು ನಿಂತೆ. ಯುದ್ಧಭೂಮಿ ಬಿಟ್ಟು ಕುದುರೆ ಹಿಡಿದು ಇಳಿಜಾರಿನಲ್ಲಿ ಬರುತ್ತಾನಲ್ಲ, ಅದು. ಉಕ್ಕು ಅಂದರೆ ಬೆಳ್ಳಗಿರುತ್ತದೆ ಅಂದುಕೊಳ್ಳುತ್ತೇವೆ. ಅಲ್ಲಿ ಹೆಚ್ಚಿನದು ಕತ್ತಲೆ, ಬೆಳಕು ಇರುವುದು ಕೆಲವೇ ಕಡೆ. ಆ ಕೆಲವು ಕಡೆಯಿಂದಲೇ ಲೋಹ ಅನ್ನಿಸುತ್ತದೆ. ಗ್ರೋ 1808ರಲ್ಲಿ ಬರೆದ ಐಲಾವ್‌ನ ದೊಡ್ಡ ಚಿತ್ರವೂ ಅಲ್ಲೇ ಇದೆ. ಅದರಲ್ಲಿ ಆಕಾಶ ಮಂಕಾಗಿ ಭಾರವಾಗಿದೆ, ಹಿಮದಡಿಯ ಹೆಣಗಳು ಮುಂದೆಯೇ ಇವೆ. ಅಕ್ಕ ಹೇಳಿದ್ದು ಅದನ್ನು ನೋಡುವಾಗ ನೆನಪಾಯಿತು.

ಲೆ ಜಾನ್‌ವಲೀಡ್‌ನ ಸೇನಾ ಸಂಗ್ರಹಾಲಯಕ್ಕೆ ಯಾರಾದರೂ ಬಂದರೆ ಫೋವೋ ಎಂಬ ಯುವಕನ ಕವಚ ನೋಡದೆ ಹೋಗಬೇಡಿ. ವಾಟರ್‌ಲೂನಲ್ಲಿ ಫಿರಂಗಿ ಗುಂಡು ಎದೆಯಿಂದ ಬೆನ್ನಿಗೆ ಹೊಕ್ಕು ಹೋದ ತೂತು ಹಾಗೇ ಇದೆ. ಅವನು ಕಾರಬಿನಿಯರ್, ಅಂದರೆ ಇನ್ನೊಂದು ಬಗೆಯ ಭಾರೀ ಅಶ್ವದಳದವನು, ಅವರ ಕವಚ ಹಿತ್ತಾಳೆಯಂತೆ ಹೊಳೆಯುವ ಹೊದಿಕೆಯದು. ಮೊದಲ ಸಲ ನೋಡಿದಾಗ ಬಣ್ಣ, ಗುಂಡಿ, ಗೆರೆ ಎಲ್ಲ ಮರೆತುಹೋಗಿ ಸುಮ್ಮನೆ ನಿಂತುಬಿಟ್ಟೆ.

ಉಕ್ಕು ಹಿತ್ತಾಳೆ · ಆಗಸ್ಟ್ 4

ಒಳ್ಳೆಯ ಬರಹ. ಆದರೆ "ಆಕಾಶವೇ ಕಪ್ಪು" ಅನ್ನುವುದಕ್ಕೆ ನನ್ನ ತಕರಾರಿದೆ. ಮೋಡ ಎಷ್ಟೇ ಕವಿದಿರಲಿ, ಹಿಮಕ್ಕೆ ಬೆಳಕು ಬರುವುದು ಆಕಾಶದಿಂದಲೇ. ನೆತ್ತಿಯ ಮೇಲಿನ ಆಕಾಶಕ್ಕಿಂತ ಹಿಮ ಬೆಳ್ಳಗಿರಲು ಹೇಗೆ ಸಾಧ್ಯ?

ಹಾಲೆಮರ · ಆಗಸ್ಟ್ 5

ಇಬ್ಬರ ಮಾತೂ ತಲೆಯಲ್ಲಿ ಕೊರೆಯುತ್ತಿತ್ತು. ಇವತ್ತು ಬೆಳಿಗ್ಗೆ ಪೂರ್ತಿ ಮೋಡ ಇತ್ತು. ಅಡುಗೆಮನೆಯಿಂದ ಸ್ಟೀಲ್ ಚೊಂಬು ತಗೊಂಡು ತಾರಸಿಗೆ ಹೋದೆ. ಅದರ ಹೊಟ್ಟೆ ಕವಚದ ಹಾಗೇ ಉಬ್ಬಿದೆ. ನೆಲಕ್ಕೆ ಎರಡು ಬಿಳಿ ಪಂಚೆ ಹಾಸಿ, ನಡುವೆ ಒಂದು ಸ್ಟೂಲ್ ಮೇಲೆ ಚೊಂಬು ಇಟ್ಟು, ಅದೇ ಎತ್ತರಕ್ಕೆ ಕಣ್ಣು ತಂದು ನೋಡಿದೆ.

ಇಬ್ಬರೂ ಸರಿ! ಚೊಂಬಿನ ಭುಜದ ಮೇಲೆ, ನೆತ್ತಿಯ ಆಕಾಶ ಕಾಣುವ ಕಡೆ, ಎಲ್ಲಕ್ಕಿಂತ ಬೆಳ್ಳಗಿನ ಸಣ್ಣ ಪಟ್ಟಿ. ಅಲ್ಲಿಂದ ಕೆಳಗೆ ಬಂದ ಹಾಗೆ ಆಕಾಶ ಮಂಕಾಗುತ್ತಾ ಹೋಗುತ್ತೆ. ಹೊಟ್ಟೆಯ ನಡುವೆ, ಅಕ್ಕಪಕ್ಕದ ಮನೆ, ತೆಂಗಿನಮರ, ನನ್ನ ತಲೆ ಎಲ್ಲ ಸೇರಿ ಒಂದು ಕಡುಗಪ್ಪು ಗೆರೆ. ಆ ಗೆರೆಯ ಕೆಳಗೆ ತಟ್ಟನೆ ಬಿಳಿ ಪಂಚೆ. ಗೆರೆಯ ಮೇಲಿನ ಆಕಾಶಕ್ಕಿಂತ ಅದರ ಕೆಳಗಿನ ಪಂಚೆ ನಿಜವಾಗಲೂ ಬೆಳ್ಳಗಿದೆ. ಪಂಚೆ ತೆಗೆದೆ, ಕೆಳಗಿನರ್ಧ ಸಿಮೆಂಟಿನ ಬೂದು ಆಯ್ತು, ಚೊಂಬು ಮಾಮೂಲಿ ಚೊಂಬಾಯ್ತು. ಮತ್ತೆ ಹಾಸಿದೆ, ಮತ್ತೆ ಹಿಮ. ಹತ್ತು ಸಲ ಹಾಗೆ ಮಾಡಿರಬೇಕು. ಅಮ್ಮ ಮೇಲೆ ಬಂದು, ವಿಷಯ ಕೇಳಿ, ತಾವೂ ಕೂತು ನೋಡಿದರು.

ಇನ್ನೊಂದು ಕಂಡಿತು. ಚೊಂಬಿನ ಪಕ್ಕ ಕೆಂಪು ಟವೆಲ್ ಹಿಡಿದರೆ ಅಂಚಿನಲ್ಲಿ ಕೆಂಪು ಹರಿಯುತ್ತೆ. ಕ್ಯುರಾಸಿಯರ್ ಕವಚದ ಅಸ್ತರ್ ಕೆಂಪು ಬಟ್ಟೆಯದು, ಕತ್ತು ತೋಳಿನ ಹತ್ತಿರ ಹೊರಗೆ ಇಣುಕುತ್ತೆ. ಹಾಗಾದರೆ ಉಕ್ಕಿನ ಅಂಚಿಗೆ ಆ ಕೆಂಪು ಸ್ವಲ್ಪ ಬರಲೇಬೇಕು.

ಕರಾವಳಿ ಕುಂಚ · ಆಗಸ್ಟ್ 5

ನಾನೂ ಚೊಂಬು ತೆಗೆದುಕೊಂಡು ಹೋಗಿ ನೋಡಿದೆ. ಸರ್ ಹೇಳಿದ ನೆತ್ತಿಯ ಬೆಳಕು ಹೌದು. ಒಪ್ಪಿದೆ.

ಉಕ್ಕು ಹಿತ್ತಾಳೆ · ಆಗಸ್ಟ್ 5

ಕೆಳಗಿನ ಬಿಳಿ ಇಷ್ಟು ಬಲವಾಗಿರುತ್ತದೆ ಅಂತ ನಾನು ಎಣಿಸಿರಲಿಲ್ಲ, ನಾನೂ ಒಪ್ಪಿದೆ. ಆ ಕಡುಗಪ್ಪು ಗೆರೆಯನ್ನು ಬಿಡಬೇಡಿ. ಐಲಾವ್‌ನಲ್ಲಿ ಅದು ದೂರದ ಕಾಡು, ಎದುರಿನ ರಷ್ಯನ್ ಸಾಲುಗಳು. ಕವಚದ ನಡುವೆ ಮೇಲಿಂದ ಕೆಳಕ್ಕೆ ಏಣು ಇದೆ, ಗೆರೆ ಅಲ್ಲಿ ಮುರಿದು ಎರಡು ಬದಿಗೂ ಬೇರೆ ಬೇರೆ ಬಾಗಬೇಕು. ನೇರ ಎಳೆದರೆ ಬೆಲ್ಟಿನ ಹಾಗೆ ಕಾಣುತ್ತದೆ.

ವಿಧಾನಕ್ಕೆ ನಡುವಿನ ದಾರಿ ಹಿಡಿಯಿರಿ. ಬುನಾದಿಗೆ ಲೋಹದ ಬಣ್ಣ. ಗೆರೆಗೂ ಅದರ ಮೇಲಿನ ಮಂಕಿಗೂ ಕಪ್ಪು ನೀಲಿ ಇಂಕಿನ ತೆಳು ಪದರ, ಮ್ಯಾಟ್. ಕೆಳಗಿನ ಹಿಮಕ್ಕೆ ಬೆಳ್ಳಿಗೆ ಮಾಸಲು ಬಿಳಿ ಬೆರೆಸಿ ಹಚ್ಚಿ. ಆಗ ಟ್ಯೂಬ್‌ಲೈಟ್ ಎಲ್ಲಿದ್ದರೂ ಕತ್ತಲೆ ಕತ್ತಲೆಯಾಗೇ ಉಳಿಯುತ್ತದೆ, ಹೊಳಪೂ ಒಂದಿಷ್ಟು ನಡೆದಾಡುತ್ತದೆ.

ಮಲಪ್ರಭಾ · ಆಗಸ್ಟ್ 6

ಹೆಲ್ಮೆಟ್ಟಿಗೂ ಹಿಂಗ ಮಾಡಬೇಕೇನ್ರಿ? ಮತ್ತ ಮುಖಕ್ಕ?

ಕರಾವಳಿ ಕುಂಚ · ಆಗಸ್ಟ್ 6

ಎಂಥಾ ಪ್ರಶ್ನೆ! ಹೌದು. ಹೆಲ್ಮೆಟ್ಟಿನ ಬುರುಡೆ ಭಾಗ ಹೆಚ್ಚಾಗಿ ಮೇಲಕ್ಕೇ ನೋಡುವುದು, ಅಲ್ಲಿ ಆಕಾಶವೇ ಜಾಸ್ತಿ. ಹಿತ್ತಾಳೆ ಜುಟ್ಟು, ಅದರ ಮುಂದಿನ ಮೆಡೂಸಾ ತಲೆ ಇವಕ್ಕೂ ಕೆಳಗಿಂದ ಬಿಳಿ ಬರುತ್ತದೆ. ಮುಖಕ್ಕೆ ಇದು ಇನ್ನೂ ಮುಖ್ಯ. ಹಿಮದಲ್ಲಿ ನಿಂತವನ ಗಲ್ಲದ ಕೆಳಗೆ ಕತ್ತಲೆ ಇರುವುದಿಲ್ಲ. ಮೂಗಿನ ಕೆಳಗೆ, ಹೆಲ್ಮೆಟ್ಟಿನ ಮುಂಚಾಚಿನ ಒಳಗೆ ತಣ್ಣನೆಯ ತಿಳಿನೀಲಿ ಬೆಳಕು. ಹಾಲೆಮರ ಅವರೇ, ನೀವು ಅಲ್ಲೆಲ್ಲ ಅಂಬರ್ ಹಚ್ಚಿದ್ದೀರಿ.

ಹಾಲೆಮರ · ಆಗಸ್ಟ್ 6

ಹೌದು. ಗಲ್ಲದ ಕೆಳಗೆ ಮತ್ತೆ ಶುರು.

ಹಾಲೆಮರ · ಸೆಪ್ಟೆಂಬರ್ 7

ಮುಗಿಯಿತು. ಹದಿನಾಲ್ಕು ಫೋಟೋ, ಎಲ್ಲ ಕಿಟಕಿ ಬೆಳಕಿನಲ್ಲಿ.

ಕವಚಕ್ಕೆ ಹದಿನೆಂಟು ಸಂಜೆ ಹಿಡಿಯಿತು. ಎರಡು ಸಲ ಪೂರ್ತಿ ಅಳಿಸಿದೆ. ಮೊದಲ ಸಲ ಕಪ್ಪು ಗೆರೆ ತೀರಾ ಚೂಪಾಗಿತ್ತು, ಎರಡನೇ ಸಲ ಕೆಳಗಿನ ಬಿಳಿ ಸುಣ್ಣ ಬಳಿದ ಹಾಗಿತ್ತು. ಮೂರನೆಯದಕ್ಕೆ ಚೊಂಬನ್ನು ಮೇಜಿನ ಮೇಲೇ ಇಟ್ಟುಕೊಂಡೆ. ಅಂಚಿನ ರಿವೆಟ್ಟುಗಳಿಗೆ ಹಿತ್ತಾಳೆ, ಪ್ರತಿಯೊಂದರ ಬುಡಕ್ಕೂ ಕಂದು ಆಯಿಲ್ ಸೂಜಿಯಲ್ಲಿ.

ಎಪಾಲೆಟ್ಟಿನ ಬೆಳ್ಳಿ ಉಕ್ಕಿನ ಹಾಗೆ ಕಾಣಬಾರದಲ್ಲ, ಅದು ನೇಯ್ದ ಎಳೆ. ಬೆಚ್ಚನೆಯ ಬೂದು ಬುನಾದಿ, ಎಳೆಗಳ ಸಂದಿಗೆ ಕಂದು ಕಪ್ಪು, ಮೇಲೆ ಬೆಳ್ಳಿ ಕುಂಚದ ತುದಿಯಿಂದ ಮುಟ್ಟಿ ಬಿಟ್ಟಿದ್ದು ಅಷ್ಟೇ. ಎಡಕ್ಕೆ ಕುಚ್ಚು, ಬಲಕ್ಕಿಲ್ಲ! ಕುದುರೆ ಕೂದಲಿಗೆ ಬರೀ ಕಪ್ಪು ಹಾಕದೆ ಎಳೆ ಎಳೆಯಾಗಿ ಕಡುನೀಲಿ ಬೂದು. ಕೋಟು, ಕಾಲರ್, ಹೆಲ್ಮೆಟ್ಟಿನ ಸುತ್ತಲ ತುಪ್ಪಳಕ್ಕೆ ಮ್ಯಾಟ್ ವಾರ್ನಿಶ್ ಕುಂಚದಲ್ಲೇ ಹಚ್ಚಿದೆ. ಸ್ಪ್ರೇ ಮಾಡಿದ್ದರೆ ಕವಚದ ಹೊಳಪೂ ಸಾಯುತ್ತಿತ್ತು.

ಪೀಠ ಚನ್ನಪಟ್ಟಣದ್ದು. ಆಟಿಕೆ ಕಡೆಯುವ ಹಿರಿಯರೊಬ್ಬರು ಹಾಲೆ ಮರದಲ್ಲಿ ಲೇತ್ ಮೇಲೆ ಕಡೆದು, ಕಪ್ಪು ಅರಗು ಹಿಡಿಸಿ ಕೊಟ್ಟರು. ಬಸ್ಟ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇವನು ಬಿಳೀ ನೆಲದ ಮೇಲೆ ನಿಂತಿದಾನಾ?" ಅಂದರು. ನಾನು ಏನೂ ಹೇಳಿರಲಿಲ್ಲ.

ಉಕ್ಕು ಹಿತ್ತಾಳೆ · ಸೆಪ್ಟೆಂಬರ್ 7

ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ. ಐದನೇ ಫೋಟೋ ಬಹಳ ಹೊತ್ತು ನೋಡಿದೆ.

ಸೀನ್ ದಂಡೆ · ಸೆಪ್ಟೆಂಬರ್ 8

ಗಲ್ಲದ ಕೆಳಗಿನ ಆ ತಣ್ಣನೆ ಬೆಳಕು! ಇಲ್ಲಿನ ಜನವರಿ ಬೆಳಿಗ್ಗೆಗಳಲ್ಲಿ ಮೆಟ್ರೋ ನಿಲ್ದಾಣದ ಹೊರಗೆ ಹಿಮ ಬಿದ್ದಾಗ ಜನರ ಮುಖ ಹೀಗೇ ಕಾಣುತ್ತದೆ.

ಮಲಪ್ರಭಾ · ಸೆಪ್ಟೆಂಬರ್ 8

ಭಾಳ ಚಂದ ಆಗೇತ್ರಿ. ನನ್ನ ಕಿಟ್ಟೂ ಬಂತು, 4ನೇ ಹುಸಾರ್, ಹಗುರ ಅಶ್ವದಳದಾಂವ. ನೀಲಿ ಡಾಲ್ಮನ್ (ಗಿಡ್ಡ ಕೋಟು), ಕೆಂಪು ಪೆಲೀಸ್ (ಅದರ ಮ್ಯಾಲಿನ ತುಪ್ಪಳದಂಚಿನ ಅಂಗಿ). ಟೀ ಜರಡಿಯೊಳಗ ತೊಳದು ಒಣಗಾಕ ಇಟ್ಟೇನಿ. ಅವಗ ಕವಚ ಇಲ್ಲ, ಎದಿ ತುಂಬ ಹುರಿ ಅದಾವ, ಒಂದೊಂದು ದಾರದಷ್ಟ ಸಣ್ಣಾವು. ಇವನ್ನ ಕೋಟಿನಕಿಂತ ಮೊದಲ ಬಣ್ಣ ಹಚ್ಚಬೇಕೋ, ಆಮ್ಯಾಲೋ?

ಕರಾವಳಿ ಕುಂಚ · ಸೆಪ್ಟೆಂಬರ್ 8

ಕೋಟು ಮೊದಲು, ಹುರಿ ಆಮೇಲೆ. ಕೋಟಿಗೆ ಬಣ್ಣ ಹಚ್ಚಿ ಒಣಗಿದ ಮೇಲೆ ಹುರಿಯ ಎರಡೂ ಬದಿಗೆ ಕಡುನೀಲಿ ಕಪ್ಪಿನ ತೆಳು ಗೆರೆ ಎಳೆದುಕೊಳ್ಳಿ, ಆಮೇಲೆ ಹುರಿಯ ನೆತ್ತಿಗೆ ಮಾತ್ರ ಬಣ್ಣ, ಕುಂಚದ ತುದಿಯಲ್ಲಲ್ಲ, ಹೊಟ್ಟೆಯಲ್ಲಿ ಸವರಿ. ತುಂಡುಗಳ ಫೋಟೋ ಮೊದಲು ಹಾಕಿ ನೋಡುವಾ.